ಮರಿಯ ಮೇಲೆ ಬಂದ ದೂರು

ಮಾರ್ಚ್ ೨, ಭಾನುವಾರ

ತಲೆಯಲ್ಲಿ ಓಡುವುದನ್ನೆಲ್ಲ ಬರೆದು ಮುಚ್ಚಿಟ್ಟರೆ ನಿದ್ದೆ ಬರುತ್ತದೆ ಎಂದು ಮಗಳು ಬಿಂದುಶ್ರೀ ಮೈಸೂರಿನ ಹಾಸ್ಟೆಲಿಗೆ ಹೋಗುವಾಗ ಈ ಪುಸ್ತಕ ಕೊಟ್ಟು ಹೋದಳು. ಎಂಟನೇ ತರಗತಿ ಅರ್ಧಕ್ಕೆ ಬಿಟ್ಟವಳು ನಾನು. ಆಮೇಲೆ ಬರೆದದ್ದೆಲ್ಲ ದಿನಸಿ ಚೀಟಿ. ತಪ್ಪಿದ್ದರೆ ಇರಲಿ, ಯಾರು ನೋಡುತ್ತಾರೆ.

ಇವತ್ತು ಮಾವ ಬಂದರು. ಇನ್ನು ಇಲ್ಲೇ ಇರುತ್ತಾರೆ. ಅತ್ತೆ ತೀರಿಕೊಂಡು ಏಳು ತಿಂಗಳಾಯಿತು, ಹೆಮ್ಮಿಗೆಯಲ್ಲಿ ಒಬ್ಬರೇ ಬೇಯಿಸಿಕೊಂಡು ತಿನ್ನುತ್ತಿದ್ದರು. ನಮ್ಮ ಯಜಮಾನರು ಹೋಗಿ ಟಿ. ನರಸೀಪುರದ ಬಸ್ಸು ಹತ್ತಿಸಿ ನಂಜನಗೂಡಿಗೆ ಕರೆದುಕೊಂಡು ಬಂದರು. ಮಾವನ ಹೆಸರು ಮಹದೇವಯ್ಯ, ಆದರೆ ಆ ಸುತ್ತಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. ಮೂವತ್ತನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು. ಎಪ್ಪತ್ತಾರಾದರೂ ಪಂಚೆಯಲ್ಲಿ ಒಂದು ಕಲೆ ಇಲ್ಲ. ಅವರ ಎದುರಿಗೆ ನನಗೆ ಇವತ್ತಿಗೂ ನಾಲಿಗೆ ತೊಡರುತ್ತದೆ.

ಬ್ಯಾಗು ಇಳಿಸಿದ ಕೂಡಲೇ ಅದು ಮಿಯಾಂವ್ ಎಂದಿತು. ಒಳಗೆ ಬೂದು ಬಣ್ಣದ ಬೆಕ್ಕಿನ ಮರಿ, ಮೂರು ತಿಂಗಳಿನದು. "ಮರಿ ಬಂದ್ರೆ ನಾನೂ ಬತ್ತೀನಿ ಅಂದ್ರು, ಏನ್ಮಾಡ್ಲಿ" ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು. ನಮ್ಮದು ಬಾಡಿಗೆ ಮನೆ, ಮೇಲಿನ ಮಹಡಿ, ಎರಡು ರೂಮು. ಕೆಳಗೆ ಓನರ್ ಸಿದ್ದಲಿಂಗಮ್ಮ. ಅವರಿಗೆ ಏನು ಹೇಳುವುದು? ಮರಿ ಎಲ್ಲಿ ಹೋಗುತ್ತದೆ, ಎಲ್ಲಿ ಮಾಡುತ್ತದೆ? ಮಾವನಿಗೆ ಮುಂದಿನ ರೂಮಿನ ಮಂಚ ಕೊಟ್ಟೆವು.

ಮಾರ್ಚ್ ೩, ಸೋಮವಾರ

ಗ್ಯಾಸ್ ಸಿಲಿಂಡರಿನ ಹಿಂದೆ ಮಾಡಿತು. ಎರಡು ಸಲ.

ಮಾರ್ಚ್ ೫, ಬುಧವಾರ

ಹಳೆಯ ಪ್ಲಾಸ್ಟಿಕ್ ಬೇಸಿನ್ನಿಗೆ ಸಿದ್ದಲಿಂಗಮ್ಮನವರ ನೀರೊಲೆಯ ಬೂದಿ ತುಂಬಿ ಇಟ್ಟಿದ್ದೆ. ಮರಿ ಅದರಲ್ಲಿ ಹೊರಳಾಡಿ ಎದ್ದು ಇಡೀ ಮನೆಗೆ ಬೂದಿ ಹಂಚಿತು. ಆಮೇಲೆ ಹೋಗಿ ಅಕ್ಕಿ ಜರಡಿ ಹಿಡಿಯುವ ಮೂಲೆಯಲ್ಲಿ ಕೂತಿತು.

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ. ಮೇಸ್ತ್ರಿಯನ್ನು ಕೇಳಿ ಒಂದು ಬಾಂಡ್ಲಿ ಎಂ-ಸ್ಯಾಂಡ್ ತಂದು ಹಾಕಿದೆ. ಕಲ್ಲು ಪುಡಿ ಮಾಡಿದ ಮರಳು, ಚೂಪು. ಮರಿ ಒಂದು ಕಾಲಿಟ್ಟು, ಎತ್ತಿ, ನೆಕ್ಕಿಕೊಂಡು ನನ್ನನ್ನೇ ನೋಡಿತು. ಬೈದ ಹಾಗಿತ್ತು. ಇವರು ಫಸ್ಟ್ ಶಿಫ್ಟಿಗೆ ಹೊರಟು ಫ್ಯಾಕ್ಟರಿ ಶೂಗೆ ಕಾಲು ತೂರಿಸಿದರು.

"ವನಜಾ! ನನ್ ಶೂ ಏನು ಬಸ್‌ಸ್ಟ್ಯಾಂಡ್ ಶೌಚಾಲಯನಾ?"

ಮಾವ ಮುಂದಿನ ರೂಮಿನಿಂದಲೇ "ಅಲ್ಲಿ ಇದಕ್ಕಿಂತ ವಾಸಿ ಇರ್ತದೆ ಕಣ್ಲಾ" ಎಂದರು. ನಗಬೇಕೋ ಬೇಡವೋ ತಿಳಿಯದೆ ಅಡುಗೆಮನೆಗೆ ಬಂದುಬಿಟ್ಟೆ. ಶೂ ಮೂರು ಸಲ ತೊಳೆದೆ. ಇನ್ನೂ ವಾಸನೆ ಇದೆಯೇನೋ. ಫ್ಯಾಕ್ಟರಿಯಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡರೆ?

ಮಾರ್ಚ್ ೬, ಗುರುವಾರ

ಮಾಡಿದ ಜಾಗಕ್ಕೇ ಮೂತಿ ಉಜ್ಜಿದರೆ ಬುದ್ಧಿ ಬರುತ್ತದೆ ಎಂದು ಕೆಳಗಿನ ಸಿದ್ದಲಿಂಗಮ್ಮ ಹೇಳಿಕೊಟ್ಟರು. ಹಿಡಿದು ಉಜ್ಜುತ್ತಿದ್ದೆ. ಮಾವ ಬಾಗಿಲಲ್ಲಿ ನಿಂತಿದ್ದರು.

"ಬಿಡವ್ವ ಅದನ್ನ. ಹೆದರಿಸಿದ್ರೆ ಕಲಿಯಕಿಲ್ಲ. ಕ್ಲಾಸಲ್ಲಿ ಒಂದಕ್ಕೆ ಹೋಗ್ಬೇಕು ಅಂತ ಕೇಳಕ್ಕೆ ಹೆದರೋ ಮಕ್ಕಳೇ ಚಡ್ಡಿ ಒದ್ದೆ ಮಾಡ್ಕೊಳ್ಳೋದು. ಆಮೇಲೆ ಬಚ್ಚಿಡಕ್ಕೆ ನೋಡ್ತವೆ."

ಇಷ್ಟು ವರ್ಷದಲ್ಲಿ ನನಗೆ ಅವರು ಹೇಳಿದ ಅತಿ ದೊಡ್ಡ ಮಾತು ಇದು. ಕೈ ಸಡಿಲಿಸಿದೆ. ಮರಿ ಬೀರುವಿನ ಅಡಿಗೆ ಹೋಗಿ ಸಂಜೆಯವರೆಗೆ ಬರಲಿಲ್ಲ.

ಮಾರ್ಚ್ ೯, ಭಾನುವಾರ

ಬೆಳಗ್ಗೆ ನಾನು ಏಳುವ ಹೊತ್ತಿಗೆ ಮಾವ ಸ್ನಾನ ಮುಗಿಸಿ ಕುರ್ಚಿಯಲ್ಲಿ ಕೂತಿದ್ದರು. ಹಾಸಿಗೆಯನ್ನು ಮಂಚದಿಂದ ಎಳೆದು ಗೋಡೆಗೆ ಒರಗಿಸಿದ್ದರು. ನಡುವೆ ದೊಡ್ಡ ಒದ್ದೆ.

"ಮರಿ ಮಾಡ್ಬುಡ್ತು ಕಣವ್ವ" ಎಂದರು, ಕ್ಯಾಲೆಂಡರ್ ನೋಡುತ್ತಾ.

ಪಂಚೆಯನ್ನೂ ಅವರೇ ಒಗೆದು ಹಿಂಡಿ ಹಾಕಿದ್ದರು. ಅತ್ತೆ ಇರುವವರೆಗೆ ಅವರು ಒಂದು ಕರವಸ್ತ್ರ ಒಗೆದದ್ದನ್ನು ನಾನು ಕಾಣೆ. ನನಗೆ ಕೆಲಸ ಹೆಚ್ಚಾಗುತ್ತದೆ ಎಂದು ಹೀಗೆ ಮಾಡಿದರೇನೋ. ಅಯ್ಯೋ, ಸೊಸೆ ಇದ್ದೂ ಮಾವ ಬಟ್ಟೆ ಒಗೆದರು ಎಂದು ಯಾರಾದರೂ ನೋಡಿದ್ದರೆ.

ಹಾಸಿಗೆ ಟೆರೇಸಿಗೆ ಹೊತ್ತು ಸೊಂಟ ಹಿಡಿದುಕೊಂಡಿತು.

ಮಾರ್ಚ್ ೧೨, ಬುಧವಾರ

ಮತ್ತೆ ಹಾಸಿಗೆ. ಈ ಸಲ ರಗ್ಗೂ ಸೇರಿ. ಟೆರೇಸಿನ ಗೋಡೆಯ ಮೇಲೆ ಹರವಿದ್ದೆ, ಅದರ ನೀರು ತೊಟ್ಟಿಕ್ಕಿ ಕೆಳಗೆ ಸಿದ್ದಲಿಂಗಮ್ಮ ಒಣಗಿಸಿದ್ದ ಸಂಡಿಗೆಯ ಮೇಲೆ ಬಿತ್ತು. ಅವರು ಮೆಟ್ಟಿಲು ಹತ್ತಿ ಬಂದರು, ಮಂಡಿ ನೋವಿದ್ದರೂ.

"ಏನವ್ವ ವನಜಾಕ್ಷಿ, ನಿಮ್ಮನೆ ಹಾಸಿಗೆ ದಿನಾ ಸ್ನಾನ ಮಾಡ್ತದಾ? ಹಣೆಗೆ ಈಬತ್ತಿ ಇಟ್ಕೊಂಡು ನಾವಾದ್ರೂ ಇಷ್ಟು ಮಡಿ ಮಾಡಕಿಲ್ಲ."

"ಬೆಕ್ಕಿನ ಮರಿ ಕಣಮ್ಮ…"

"ಬೆಕ್ಕಾ? ಅಷ್ಟುದ್ದ ಒದ್ದೆ ಮಾಡಕ್ಕೆ ಅದೇನು ಕರುನಾ?"

ಸಂಡಿಗೆ ಬಿಸಾಕಿದರು. ಎರಡು ಸೇರು ಅಕ್ಕಿಯದು. ನಾನು ಮಾಡಿಕೊಡುತ್ತೇನೆ ಎಂದೆ. "ನೀನು ಮಾಡಿದ್ದು ನಾವು ತಿಂತೀವಾ" ಎನ್ನುತ್ತಾರೆಂದು ಕಾದೆ. ಅವರು "ಉಪ್ಪು ಕಮ್ಮಿ ಆಕು" ಎಂದು ಹೇಳಿ ಇಳಿದು ಹೋದರು. ಮಾವ ಒಳಗೆ ಪೇಪರು ಹಿಡಿದಿದ್ದರು. ಎಷ್ಟೋ ಹೊತ್ತಾದರೂ ಹಾಳೆ ತಿರುಗಿಸಲಿಲ್ಲ.

ಮಾರ್ಚ್ ೧೩, ಗುರುವಾರ

ಮತ್ತೆ. ಸಾಕಾಯಿತು.

ಮಾರ್ಚ್ ೧೫, ಶನಿವಾರ

ಇವತ್ತು ಬೆಳಗ್ಗೆಯೂ ಹಾಸಿಗೆ ಒದ್ದೆ. ಇವರು ರೇಗಿದರು. "ಮುಂದಿನ ವಾರ, ಇಪ್ಪತ್ತಮೂರನೇ ತಾರೀಕು ಭಾನುವಾರ ನಂಗೆ ರಜ. ಮರೀನ ಮೀನ್ ಮಾರ್ಕೆಟ್ ಹತ್ರ ಬಿಟ್ಟು ಬತ್ತೀನಿ. ಹೊಟ್ಟೆಗೇನೂ ಕಮ್ಮಿ ಆಗಲ್ಲ ಅದ್ಕೆ. ಅಪ್ಪ, ನೀವು ಬೇಜಾರ್ ಮಾಡ್ಕೋಬೇಡಿ."

ಮರಿ ಮಾವನ ಪಾದದ ಮೇಲೆ ಮಲಗಿತ್ತು. ಅದನ್ನು ಎಬ್ಬಿಸಬಾರದೆಂದು ಕಾಲು ಅಲ್ಲಾಡಿಸದೆ ಕೂತೇ ಇದ್ದರು. ಊಟಕ್ಕೆ ಕರೆದರೂ ಏಳಲಿಲ್ಲ.

ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಅವರಿಗೆ ಜೊತೆಗೆ ಇದ್ದದ್ದು ಅದೊಂದೇ. ಅದನ್ನು ಬಿಟ್ಟು ಬಂದರೆ ಮಾವ ಇಲ್ಲಿ ನಿಲ್ಲುತ್ತಾರಾ? ಹೆಮ್ಮಿಗೆಗೆ ಹೋಗಿಬಿಟ್ಟರೆ? ಅಲ್ಲಿ ಒಬ್ಬರೇ ಬಿದ್ದು ಗಿದ್ದು ಮಾಡಿಕೊಂಡರೆ ಸೊಸೆ ಓಡಿಸಿದಳು ಎಂದಾಗುತ್ತದೆ. ಎಂಟು ದಿನದಲ್ಲಿ ಮರಿಗೆ ಕಲಿಸಬೇಕು. ಹೇಗೆ?

ಮಾರ್ಚ್ ೧೭, ಸೋಮವಾರ

ಧೈರ್ಯ ಮಾಡಿ ಮಾವನನ್ನೇ ಕೇಳಿದೆ, ಊರಲ್ಲಿ ಮರಿ ಎಲ್ಲಿ ಹೋಗುತ್ತಿತ್ತು ಎಂದು.

"ಹಿತ್ತಲಲ್ಲಿ ಭತ್ತದ ಹೊಟ್ಟಿನ ಗುಡ್ಡೆ ಇರ್ಲಿಲ್ವಾ? ಅದ್ರಲ್ಲೇ ಹುಟ್ಟಿದ್ದು. ಅಲ್ಲೇ ಕೆರೆದು ಅಲ್ಲೇ ಮುಚ್ಚೋದು."

ಇಷ್ಟೇನಾ! ಹದಿನೈದು ದಿನದಿಂದ ಬೂದಿ, ಮರಳು, ಪೇಪರು, ಫಿನಾಯಿಲು. ಒಂದು ಮಾತು ಕೇಳಲು ಹೆದರಿ ಇಷ್ಟು ಒದ್ದಾಡಿದೆ. ನರಸೀಪುರದ ರೈಸ್ ಮಿಲ್ಲಿನಲ್ಲಿ ನನ್ನ ತಮ್ಮ ಶಿವರಾಜು ಕೆಲಸ ಮಾಡುತ್ತಾನೆ. ಫೋನ್ ಮಾಡಿ, ಹತ್ತರ ಬಸ್ಸು ಹಿಡಿದು ಹೋಗಿ ಒಂದು ಚೀಲ ಹೊಟ್ಟು ತುಂಬಿಸಿಕೊಂಡು ಬಂದೆ. ವಾಪಸ್ಸು ಬರುವಾಗ ಕಂಡಕ್ಟರ್ ಚೀಲ ಒತ್ತಿ ನೋಡಿದ.

"ಏನಕ್ಕ, ಇಟ್ಟಿಗೆ ಸುಡ್ತೀಯಾ?"

"ಇಲ್ಲಣ್ಣ. ಬೆಕ್ಕಿಗೆ."

"ಬೆಕ್ಕು ಹೊಟ್ಟು ತಿಂತದಾ!"

"ತಿನ್ನಕ್ಕಲ್ಲಣ್ಣ… ಕೂರಕ್ಕೆ."

ಬಸ್ಸಿಗೆ ಬಸ್ಸೇ ನಕ್ಕಿತು. "ನಿಂಗೆ ಫ್ರೀ ಕಣಕ್ಕ, ಬೆಕ್ಕಿನ ಕಕ್ಕಸ್ಸಿಗೆ ಟಿಕೆಟ್ಟು" ಎಂದು ಲಗೇಜಿನ ಚೀಟಿ ಹರಿದ. ನೆಲ ಸೀಳಿ ಒಳಗೆ ಹೋಗಬೇಕು ಅನ್ನಿಸಿತು.

ಮಾರ್ಚ್ ೧೮, ಮಂಗಳವಾರ

ಬೇಸಿನ್ನಿಗೆ ಹೊಟ್ಟು ಸುರಿದೆ. ಮರಿ ಮೂಸಿತು, ಒಳಗೆ ಹಾರಿತು, ಕೆರೆಯಿತು, ಕೂತಿತು, ಮುಚ್ಚಿತು. ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ಮಾವ ಬಂದು ನೋಡಿ "ಪಾಸು" ಎಂದರು. ಆದರೆ ಅವರ ಮುಖದಲ್ಲಿ ನಗು ಕಾಣಲಿಲ್ಲ.

ಮಾರ್ಚ್ ೧೯, ಬುಧವಾರ

ಮರಿ ನಾಲ್ಕು ಸಲ ಬೇಸಿನ್ನಿನಲ್ಲೇ ಮಾಡಿತು. ಒಂದು ಸಲವೂ ತಪ್ಪಲಿಲ್ಲ. ಆದರೂ ಇವರು ಹೇಳಿದ ಭಾನುವಾರ ಹತ್ತಿರ ಬಂತು, ಏನೂ ಎಡವಟ್ಟು ಆಗಬಾರದು. ಮಲಗುವ ಮುಂಚೆ ಮರಿಯನ್ನೂ ಬೇಸಿನ್ನನ್ನೂ ಅಡುಗೆಮನೆಯಲ್ಲಿ ಇಟ್ಟು ಚಿಲಕ ಹಾಕಿದ್ದೇನೆ.

ಮಾರ್ಚ್ ೨೦, ಗುರುವಾರ

ಬೆಳಗ್ಗೆ ಚಿಲಕ ತೆಗೆದವಳು ನಾನೇ. ಮರಿ ಒಳಗೇ ಇತ್ತು. ಅಡುಗೆಮನೆಗೆ ಕಿಟಕಿಯಿಲ್ಲ.

ಮುಂದಿನ ರೂಮಿಗೆ ಹೋದೆ. ಹಾಸಿಗೆ ಗೋಡೆಗೆ ಒರಗಿತ್ತು.

"ಮರಿ ಮಾಡ್ಬುಡ್ತು ಕಣವ್ವ" ಎಂದರು ಮಾವ.

ಮರಿ ನನ್ನ ಕಾಲಿನ ಹಿಂದೆಯೇ ಬಂದು ನಿಂತಿತ್ತು. "ಹೂಂ ಮಾವ" ಎಂದೆ.

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ. ಎಷ್ಟು ದಡ್ಡಿ ನಾನು. ಗಳಿಗೆಗೊಂದು ಸಲ ಬಾತ್‌ರೂಮಿಗೆ ಹೋಗುವುದು, ಹೋದವರು ಅಷ್ಟು ಹೊತ್ತು ಬರದೆ ಇರುವುದು, ಸಂಜೆ ಕಾಫಿ ಬೇಡ ಎನ್ನುವುದು, ಬಸ್ಸಿನಲ್ಲಿ ಬರುವಾಗ ನರಸೀಪುರದಲ್ಲಿ ಎರಡು ಸಲ ಇಳಿದರು ಎಂದು ಇವರು ಗೊಣಗಿದ್ದು. ಎಲ್ಲವೂ ಕಣ್ಣೆದುರಿಗೇ ಇತ್ತು. ಅದೇನು ಕರುನಾ ಎಂದು ಸಿದ್ದಲಿಂಗಮ್ಮ ಕೂಡ ಕೇಳಿದ್ದರು.

ಈಗ ಏನು ಮಾಡಲಿ? ಇವರಿಗೆ ಹೇಳಿದರೆ ಗಂಟಲು ದೊಡ್ಡದು, ಕೆಳಗಿನವರೆಗೂ ಕೇಳುತ್ತದೆ. ನನಗೆ ಗೊತ್ತಾಗಿದೆ ಎಂದು ಮಾವನ ಎದುರು ತೋರಿಸಿಕೊಂಡರೆ, ಸೊಸೆಯ ಎದುರು ಹೀಗಾಯಿತೆಂದು ಅದೇ ಬಸ್ಸಿಗೆ ಹೆಮ್ಮಿಗೆಗೆ ಹೊರಡುತ್ತಾರೆ. ಸುಮ್ಮನಿದ್ದರೆ ಏನೂ ಮಾಡದ ಮರಿ ಭಾನುವಾರ ಮಾರ್ಕೆಟ್ಟಿಗೆ ಹೋಗುತ್ತದೆ. ಮರಿ ಹೋದ ಮೇಲೂ ಹಾಸಿಗೆ ಒದ್ದೆಯಾಗುತ್ತದೆ. ಆಗ ಮಾವ ಯಾರ ಹೆಸರು ಹೇಳುತ್ತಾರೆ?

ಮಾರ್ಚ್ ೨೨, ಶನಿವಾರ

ಎರಡು ದಿನದಿಂದ ಊಟ ಸೇರುತ್ತಿಲ್ಲ. ಬರೆದರೂ ಹಗುರಾಗಲಿಲ್ಲ.

ಮಾರ್ಚ್ ೨೩, ಭಾನುವಾರ

ಬೆಳಗ್ಗೆಯೂ ಹಾಸಿಗೆ ಒದ್ದೆಯಾಗಿತ್ತು. ಇವರು ರಟ್ಟಿನ ಡಬ್ಬ ತಂದು ತೂತು ಮಾಡಿದರು. ಮರಿ ಆಟವೆಂದುಕೊಂಡು ತಾನೇ ಒಳಗೆ ಹೋಗಿ ಕೂತಿತು. ಇವರು ದಾರ ಕಟ್ಟುವಾಗ ಮಾವ ಕುರ್ಚಿಯಿಂದ ಎದ್ದರು. ಒಂದು ಕೈ ಮಂಚದ ಮೇಲೆ.

"ರಾಜೇಂದ್ರ, ತಡಿಯೋ. ಅದು…"

ಅಷ್ಟೊಂದು ಜನರಿಗೆ ಪಾಠ ಹೇಳಿದ ದನಿ ಅಲ್ಲಿಗೇ ನಿಂತುಹೋಯಿತು. ನನಗೆ ಅದನ್ನು ನೋಡಲು ಆಗಲಿಲ್ಲ.

"ಮರಿ ಅಲ್ಲ ರೀ ಮಾಡಿದ್ದು. ನಾನು" ಎಂದೆ.

"ನೀನಾ?"

"ಬೆಳಗ್ಗೆ ಮಾವಂಗೆ ಬಿಸಿನೀರು ಕೊಡಕ್ಕೆ ಹೋಗ್ತೀನಲ್ಲ, ಚೊಂಬು ಕೈಜಾರಿ ಹಾಸಿಗೆ ಮೇಲೆ ಚೆಲ್ಲೋಗೋದು. ನೀವು ಬೈತೀರಿ ಅಂತ ಮರಿ ಮೇಲೆ ಹಾಕ್ದೆ. ಮಾವ ಪಾಪ ನನ್ನ ಬಿಟ್ಟುಕೊಡದೆ ಸುಮ್ನಿದ್ರು."

"ಆರು ಸಲನಾ?"

"ಆರು ಸಲಾನೂ."

"ನಿನ್ ಕೈಗೇನು ಬೆಣ್ಣೆ ಸವರ್ಕೊಂಡಿದ್ಯಾ? ಮಾತಾಡಕ್ಕೆ ಬರದ ಪ್ರಾಣಿ ಮೇಲೆ ಹಾಕ್ತೀಯಲ್ಲ, ನಾಚ್ಕೆ ಆಗಲ್ವಾ? ವಾರದಿಂದ ಇದನ್ನ ಬೈಯ್ಕೊಂಡು ಓಡಾಡ್ತಿದೀನಿ ನಾನು." ಇನ್ನೂ ಏನೇನೋ ಅಂದರು. ನಾನು ತಲೆ ತಗ್ಗಿಸಿ ನಿಂತೆ. ದಾರ ಬಿಚ್ಚಿದ್ದು ಮಾತ್ರ ನೋಡಿದೆ.

ಇವರು ಪೇಟೆಗೆ ಹೋದ ಮೇಲೆ ಮಾವ ಮರಿಯನ್ನು ಡಬ್ಬದಿಂದ ಎತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ಇವರಿಗೆ ನಾನು ಸುಳ್ಳು ಹೇಳಿದ್ದು ಇದೇ ಮೊದಲೇನೋ. ಊಟ ಇನ್ನೂ ಸೇರುವುದಿಲ್ಲ ಎಂದುಕೊಂಡಿದ್ದೆ. ಮಧ್ಯಾಹ್ನ ಎರಡು ಮುದ್ದೆ ತಿಂದೆ.

ಮಾರ್ಚ್ ೨೪, ಸೋಮವಾರ

ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ಅದರ ಮೇಲೆ ಹಳೆಯ ಸೀರೆ ನಾಲ್ಕು ಮಡಿಕೆ ಮಾಡಿ, ಮೇಲೆ ಬೆಡ್‌ಶೀಟ್ ಹೊದಿಸಿದೆ. ಮಾವ ಕೂತಾಗ ಹಾಳೆ ಸದ್ದು ಮಾಡಿತು. ಇಬ್ಬರಿಗೂ ಕೇಳಿಸಿತು. ನಾನು ಪೊರಕೆ ತೆಗೆದುಕೊಂಡೆ, ಅವರು ಪೇಪರು.

ಮಾರ್ಚ್ ೨೫, ಮಂಗಳವಾರ

ಸಂಜೆ ಟೆರೇಸಿನಲ್ಲಿ ಬಟ್ಟೆ ಮಡಿಸುತ್ತಿದ್ದೆ. ಮಾವ ಮರಿಯನ್ನು ಎತ್ತಿಕೊಂಡು ಬಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು.

"ವನಜಾ. ಈ ಮರಿಗೆ ಗೊತ್ತಾಗಲ್ಲ ಅಂತಲ್ಲ ಕಣವ್ವ. ಗೊತ್ತಾಯ್ತದೆ. ಎದ್ದು ಹೋಗೋ ಹೊತ್ಗೆ ಆಗೋಗಿರ್ತದೆ."

ನಾನು ಸೀರೆಯ ಅಂಚು ಜೋಡಿಸಿದೆ. "ಎಷ್ಟು ದಿನದಿಂದ ಮಾವ?"

"ಊರಲ್ಲಿದ್ದಾಗ್ಲೇ ಸುರುವಾಗಿತ್ತು. ನಿಮ್ಮತ್ತೆ ಸದ್ದಿಲ್ದೆ ಒಗೆದು ಹಾಕೋಳು. ಒಂದು ದಿನ ಕೇಳ್ಲಿಲ್ಲ."

ಮರಿಗೆ ಮೂರು ತಿಂಗಳು. ಅತ್ತೆ ಹೋಗಿ ಏಳು ತಿಂಗಳು. ನಾನೂ ಏನೂ ಕೇಳಲಿಲ್ಲ.

"ಡಾಕ್ಟ್ರಿಗೆ ತೋರ್ಸಣ ಮಾವ. ವಯಸ್ಸಿಗೆ ಬಂದ್ಮೇಲೆ ಸುಮಾರು ಜನಕ್ಕೆ… ಸುಮಾರು ಮರಿಗಳಿಗೆ ಆಯ್ತದಂತೆ. ಮಾತ್ರೆ ಇದೆಯಂತೆ."

"ನಗ್ತಾರೆ."

"ಮರಿ ನೋಡಿ ಯಾರು ನಗ್ತಾರೆ?"

"ಮುದಿ ಮರಿ ನೋಡಿ ನಗ್ತಾರೆ ಕಣವ್ವ."

ಅವರ ಪಂಚೆ ತೆಗೆದುಕೊಂಡು ಗೆರೆ ಕೂಡುವ ಹಾಗೆ ಮಡಿಸಿದೆ. ಆಮೇಲೆ "ಆಸ್ಪತ್ರೇಲಿ ಗುರುವಾರ ರಶ್ ಕಮ್ಮಿ ಇರ್ತದಂತೆ" ಎಂದೆ. ಅವರು ಮರಿಯ ಕಿವಿ ಕೆರೆಯುತ್ತಾ ಕೂತರು.

ಮಾರ್ಚ್ ೨೭, ಗುರುವಾರ

ಕಾಲು ನೋಯುತ್ತಿದೆ. ಆದರೂ ಇವತ್ತು ಬರೆಯದೆ ಮಲಗುವುದಿಲ್ಲ.

ಮಾವನನ್ನು ಡಾಕ್ಟರು ನೋಡಿದರು. ಗಂಡಸರಿಗೆ ಈ ವಯಸ್ಸಿಗೆ ಮೂತ್ರದ ದಾರಿಯ ಹತ್ತಿರ ಒಂದು ಗ್ರಂಥಿ ಊದಿಕೊಳ್ಳುತ್ತದೆ, ಸಾಮಾನ್ಯ, ಹೆದರಬೇಡಿ ಎಂದರು. ಮಾತ್ರೆ ಕೊಟ್ಟಿದ್ದಾರೆ, ಮೈಸೂರಿನಲ್ಲಿ ಸ್ಕ್ಯಾನಿಂಗ್ ಆಗಬೇಕು. ಸಂಜೆ ಇವರು ಶಿಫ್ಟ್ ಮುಗಿಸಿ ಬಂದಾಗ ಮಾವನೇ ಕರೆದು ಕೂರಿಸಿಕೊಂಡು ಹೇಳಿದರು. ಇವರು ನನ್ನ ಕಡೆ ಒಂದು ಸಲ ನೋಡಿದರು. ಗಂಟಲು ಏರಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವರು ಕಾಲು ಕೆ.ಜಿ. ಮೀನು ತಂದು ಮರಿಯ ಮುಂದೆ ಹಾಕಿದರು. ಸಿದ್ದಲಿಂಗಮ್ಮನವರಿಗೆ ವಾಸನೆ ಹೋಗಿರುತ್ತದೆ. ನಾಳೆ ಬರುತ್ತಾರೆ. ಬರಲಿ.

ಆಸ್ಪತ್ರೆಯಲ್ಲಿ ಆದದ್ದು ಬರೆಯಬೇಕು. ಓ.ಪಿ. ಚೀಟಿಗೆ ಸಾಲು ಉದ್ದವಿತ್ತು. ಹಿಂದೆ ಮುಂದೆ ಎಲ್ಲ ಸುತ್ತಿನ ಊರವರೇ, ಯಾರಾದರೂ ಮೇಷ್ಟ್ರ ಹತ್ತಿರ ಓದಿದವರು ಇದ್ದರೆ ಎಂದು ನನಗೆ ಒಂದೇ ಚಿಂತೆ. ಕೌಂಟರಿನ ಹುಡುಗಿ ಏನು ತೊಂದರೆ ಎಂದು ಎಲ್ಲರನ್ನೂ ಜೋರಾಗಿ ಕೇಳುತ್ತಿದ್ದಳು. ನಮ್ಮ ಸರದಿ ಬಂದಾಗ ಮಂಡಿ ನೋವು ಎಂದು ಬರೆಸಿ, ಒಳಗೆ ಡಾಕ್ಟರಿಗೆ ಮಾತ್ರ ನಿಜ ಹೇಳಿದರಾಯಿತು ಎಂದುಕೊಂಡಿದ್ದೆ.

"ಪೇಷೆಂಟ್ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಮಾವ ನನ್ನನ್ನು ಪಕ್ಕಕ್ಕೆ ಸರಿಸಿದರು.

"ನಾನು. ಮಹದೇವಯ್ಯ. ಎಪ್ಪತ್ತಾರು."

"ಏನು ತೊಂದ್ರೆ ತಾತ?"

"ಹಾಸಿಗೇಲಿ ಉಚ್ಚೆ ಹೋಯ್ತದೆ. ತಡಕೊಳ್ಳಕ್ಕೆ ಆಗಲ್ಲ."

ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದರು, ಪಾಠ ಹೇಳುವವರಂತೆ. ಆಮೇಲೆ ತಿರುಗಿ ಸಾಲನ್ನು ನೋಡಿದರು. ಯಾವ ಹುಡುಗ ನಗುತ್ತಾನೆ ನೋಡೋಣ ಎನ್ನುವ ಹಾಗೆ.

ಯಾರೂ ನಗಲಿಲ್ಲ. ಹುಡುಗಿ ಬರೆದುಕೊಂಡಳು. ನಮ್ಮ ಹಿಂದೆಯೇ ನಿಂತಿದ್ದ, ತಲೆಗೆ ಟವೆಲ್ ಸುತ್ತಿದ್ದ ಮುದುಕರೊಬ್ಬರು ಮೆಲ್ಲಗೆ ಮಾವನ ಭುಜ ಮುಟ್ಟಿದರು.

"ನಂದೂ ಅದೇಯ ಸಾ. ಹೊಟ್ಟೆನೋವು ಅಂತ ಬರ್ಸಣ ಅಂತಿದ್ದೆ."

"ಯಾವೂರು?"

"ತಗಡೂರು ಸಾ. ಮಲ್ಲಯ್ಯ ಅಂತ."

"ಮನೇಲಿ ಏನಂತ ಹೇಳಿದ್ದೀಯ ಮಲ್ಲಯ್ಯ?"

"ಸೂರು ಸೋರ್ತದೆ ಅಂದಿವ್ನಿ ಸಾ. ನನ್ ಮಗ ಎರಡು ಸಲ ಹೆಂಚು ತಿರುವಾಕಿಸ್ದ."

ಡಾಕ್ಟರು ಕರೆಯುವವರೆಗೆ ಇಬ್ಬರೂ ಗೋಡೆ ಪಕ್ಕದ ಬೆಂಚಿನಲ್ಲಿ ತಲೆಗೆ ತಲೆ ಕೊಟ್ಟು ಕೂತಿದ್ದರು. ನಾನು ಚೀಟಿ ಹಿಡಿದು ದೂರದ ಕಂಬದ ಹತ್ತಿರ ಹೋಗಿ ನಿಂತೆ. ಮಲ್ಲಯ್ಯ ಏನೋ ಹೇಳಿದರು, ಮಾವ ಏನೋ ಹೇಳಿದರು. ಆಮೇಲೆ ಮಾವ ಹಲ್ಲು ಕಾಣುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ನಗುವಂಥದ್ದು ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಹತ್ತಿರ ಹೋಗಲೂ ಇಲ್ಲ.